ಮೆಟ್ರೋ ಸಿಟಿಯ ಬೀದಿಗಳು ಮನೆಯ ಪರದೆಗೆ ಬಂದ ಬಗೆ: ‘ಫೈನಲ್ ಫೈಟ್’ ಆಟದ ಚರಿತ್ರೆ

ಜಪಾನಿನ ಒಸಾಕಾ ನಗರದ ಕ್ಯಾಪ್‌ಕಾಮ್ ಸಂಸ್ಥೆ 1989ರ ಕೊನೆಯಲ್ಲಿ ಹೊರತಂದ ‘ಫೈನಲ್ ಫೈಟ್’, ನಾಣ್ಯ ಹಾಕಿ ಆಡುವ ಯಂತ್ರಗಳನ್ನು ಸಾಲಾಗಿ ಇರಿಸಿದ ಆರ್ಕೇಡ್ ಅಂಗಡಿಗಳಿಗಾಗಿ ರೂಪುಗೊಂಡ ಹೊಡೆದಾಟದ ಆಟ. ಪಾತ್ರವು ಬಲಕ್ಕೆ ನಡೆದಂತೆ ಬೀದಿಯ ಚಿತ್ರ ಅಡ್ಡಲಾಗಿ ಸರಿಯುತ್ತ ಹೋಗುವುದು, ಎದುರಾದ ಗುಂಪು ನೆಲಕಚ್ಚುವವರೆಗೆ ಆ ಚಲನೆ ತಡೆದು ನಿಲ್ಲುವುದು ಈ ಪ್ರಕಾರದ ಮುಖ್ಯ ಲಕ್ಷಣ. ಇದಕ್ಕೆ ತಳಹದಿ ಹಾಕಿದವರು ಟೆಕ್ನೋಸ್ ಜಪಾನ್ ಸಂಸ್ಥೆಯ ಯೋಶಿಹಿಸಾ ಕಿಶಿಮೊಟೊ; 1987ರಲ್ಲಿ ಬಂದ ಅವರ ‘ಡಬಲ್ ಡ್ರ್ಯಾಗನ್’, ಇಬ್ಬರು ಆಟಗಾರರು ಒಂದೇ ಪರದೆಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ಹೋರಾಡುವ ಕ್ರಮವನ್ನು ಜನಪ್ರಿಯಗೊಳಿಸಿತು.

ಕ್ಯಾಪ್‌ಕಾಮ್ ಅದೇ ದಾರಿ ಹಿಡಿಯಿತು. ಯೋಶಿಕಿ ಒಕಾಮೊಟೊ ಅವರ ಮೇಲ್ವಿಚಾರಣೆಯಲ್ಲಿ ಅಕಿರಾ ನಿಶಿತಾನಿ ಮತ್ತು ಚಿತ್ರಕಾರ ಅಕಿರಾ ಯಾಸುದಾ ರೂಪಿಸಿದ ಈ ಆಟಕ್ಕೆ ಮೊದಲು ‘ಸ್ಟ್ರೀಟ್ ಫೈಟರ್ 89’ ಎಂಬ ಹೆಸರಿತ್ತು. ಒಬ್ಬರಿಗೊಬ್ಬರು ಎದುರುಬದುರಾಗಿ ಸೆಣಸುವ ಹಳೆಯ ‘ಸ್ಟ್ರೀಟ್ ಫೈಟರ್’ಗೂ ಇದಕ್ಕೂ ಹೋಲಿಕೆಯಿಲ್ಲವೆಂಬ ಅಭಿಪ್ರಾಯ ಆರ್ಕೇಡ್ ನಡೆಸುವವರಿಂದ ಬಂದ ಮೇಲೆ ಹೆಸರು ಬದಲಾಯಿತು. ಕಥೆ ತೀರಾ ಸರಳ: ಮೆಟ್ರೋ ಸಿಟಿ ಎಂಬ ಕಲ್ಪಿತ ಅಮೆರಿಕನ್ ನಗರದ ಮೇಯರ್ ಆಗಿರುವ ಮಾಜಿ ಕುಸ್ತಿಪಟು ಮೈಕ್ ಹ್ಯಾಗರ್, ಮ್ಯಾಡ್ ಗೇರ್ ಎಂಬ ಗೂಂಡಾ ಪಡೆ ಅಪಹರಿಸಿದ ತನ್ನ ಮಗಳು ಜೆಸ್ಸಿಕಾಳನ್ನು ಬಿಡಿಸಲು ಕೋಡಿ ಮತ್ತು ಗೈ ಎಂಬ ಇಬ್ಬರು ತರುಣರೊಂದಿಗೆ ತಾನೇ ಬೀದಿಗಿಳಿಯುತ್ತಾನೆ.

ಕಥೆಗಿಂತ ಮಿಗಿಲಾದ ಶ್ರೀಮಂತಿಕೆ ಆಟದ ಕಟ್ಟೋಣದಲ್ಲಿತ್ತು. ಸಿಪಿಎಸ್ ಎಂಬ ಕ್ಯಾಪ್‌ಕಾಮ್‌ನ ಹೊಸ ಯಂತ್ರಫಲಕವು ಪರದೆಯ ಎತ್ತರದ ದೊಡ್ಡ ಭಾಗವನ್ನೇ ತುಂಬುವಷ್ಟು ಭಾರಿ ಗಾತ್ರದ ಪಾತ್ರಗಳನ್ನು ಗುಂಪುಗುಂಪಾಗಿ ಒಮ್ಮೆಗೇ ಚಲಿಸುವಂತೆ ಮಾಡಬಲ್ಲುದಾಗಿತ್ತು. ಹ್ಯಾಗರ್ ಎದುರಾಳಿಯನ್ನು ತಲೆಕೆಳಗಾಗಿ ಹಿಡಿದೆತ್ತಿ ನೆಲಕ್ಕೆ ಅಪ್ಪಳಿಸಿದರೆ, ಗೈ ಗೋಡೆಗೆ ಕಾಲೂರಿ ಚಿಮ್ಮುತ್ತಿದ್ದ. ಕೋಡಿ ಕೈಗೆ ಸಿಕ್ಕ ಚಾಕುವನ್ನು ಎಸೆಯದೆ ಹತ್ತಿರದಿಂದಲೇ ಇರಿಯಬಲ್ಲವನಾಗಿದ್ದ. ಹೊಡೆತದ ಮತ್ತು ಜಿಗಿತದ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಸುತ್ತುವರಿದವರೆಲ್ಲ ದೂರ ಸಿಡಿಯುತ್ತಿದ್ದರು, ಆದರೆ ಆ ಹೊಡೆತ ತಾಗಿದಾಗಲೆಲ್ಲ ಆಟಗಾರನ ಜೀವಶಕ್ತಿಯೂ ಒಂದಿಷ್ಟು ಕರಗುತ್ತಿತ್ತು. ಸುತ್ತುವರಿಯುವ ಗುಂಪು, ಅದರಿಂದ ಪಾರಾಗಲು ತೆರಬೇಕಾದ ಬೆಲೆ, ಜೀವ ಮುಗಿದಾಗ ಮುಂದಿನ ನಾಣ್ಯ ಎಂಬ ಸರಪಳಿಯ ಮೇಲೆಯೇ ಇಡೀ ಆಟ ನಿಂತಿತ್ತು. ಆದುದರಿಂದ ಗುಂಪು ತೆಳುವಾದರೆ ಆಟದ ಸ್ವಭಾವವೇ ಬದಲಾಗಬೇಕಿತ್ತು.

ಮನೆಯ ಟಿವಿಗೆ ಜೋಡಿಸುವ ಯಂತ್ರಗಳಿಗೆ ಆಟ ಬಂದಾಗ ಆದದ್ದೂ ಅದೇ. ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ 1990ರ ನವೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮರುತಿಂಗಳೇ ‘ಫೈನಲ್ ಫೈಟ್’ ಅದರಲ್ಲಿ ಲಭ್ಯವಾಯಿತು. ಆಟದ ಮಾಹಿತಿಯನ್ನು ಹೊತ್ತ ಚಿಪ್‌ಗಳ ಪೆಟ್ಟಿಗೆಗೆ ಕಾರ್ಟ್ರಿಜ್ ಎಂದು ಹೆಸರು. ಈ ಆಟಕ್ಕೆ ದೊರೆತ ಕಾರ್ಟ್ರಿಜ್‌ನ ಸಾಮರ್ಥ್ಯ 8 ಮೆಗಾಬಿಟ್, ಎಂದರೆ ಕೇವಲ 1 ಮೆಗಾಬೈಟ್. ಅದರೊಳಗೆ ಹಿಡಿಸಲು ಗೈ ಪಾತ್ರವನ್ನೂ, ರೊಲೆಂಟೊ ಎಂಬ ಸೇನಾವೇಷದ ಖಳನಾಯಕನಿದ್ದ ಕೈಗಾರಿಕಾ ಪ್ರದೇಶದ ಹಂತವನ್ನೂ ಕೈಬಿಡಲಾಯಿತು. ಪರದೆಯ ಮೇಲೆ ಒಮ್ಮೆಗೆ ಮೂವರಿಗಿಂತ ಹೆಚ್ಚು ವೈರಿಗಳು ಬರದಾದರು. ಎಲ್ಲಕ್ಕಿಂತ ಘೋರವಾದ ನಷ್ಟವೆಂದರೆ ಇಬ್ಬರು ಕೂಡಿ ಆಡುವ ಅವಕಾಶವೇ ಇಲ್ಲವಾದದ್ದು. ಹಂತವೊಂದು ಹೋದರೆ ಆಟ ಗಿಡ್ಡವಾಗುತ್ತದೆ, ಅಷ್ಟೆ. ಜೊತೆಗಾರನೇ ಹೋದಾಗ ‘ಡಬಲ್ ಡ್ರ್ಯಾಗನ್’ನಿಂದ ಬಂದ ಪರಂಪರೆಯ ತಿರುಳೇ ಹೋದಂತೆ. ಗೈಯನ್ನು ಮರಳಿ ತರಲು 1992ರಲ್ಲಿ ‘ಫೈನಲ್ ಫೈಟ್ ಗೈ’ ಎಂಬ ಪರಿಷ್ಕೃತ ಆವೃತ್ತಿ ಬಂತಾದರೂ, ಅದರಲ್ಲಿ ಕೋಡಿಯನ್ನು ತೆಗೆದು ಆ ಜಾಗಕ್ಕೆ ಗೈಯನ್ನು ಕೂರಿಸಲಾಗಿತ್ತು.

ಯಂತ್ರದ ಮಿತಿಗೆ ಸಂಬಂಧವೇ ಇಲ್ಲದ ಇನ್ನೊಂದು ಬಗೆಯ ಕತ್ತರಿಯೂ ಆಡಿತು. ಪಾಶ್ಚಾತ್ಯ ಮಾರುಕಟ್ಟೆಯ ನಿಂಟೆಂಡೊ ಆವೃತ್ತಿಯಲ್ಲಿ ಪಾಯ್ಸನ್ ಮತ್ತು ರಾಕ್ಸಿ ಎಂಬ ಹೆಣ್ಣುವೇಷದ ವೈರಿಗಳ ಜಾಗಕ್ಕೆ ಗಂಡಸರು ಬಂದರು. ಡ್ಯಾಮ್ಡ್ ಎಂಬ ಖಳನು ಥ್ರ್ಯಾಶರ್ ಆದ, ಸೊಡೊಮ್ ಎಂಬವನು ಕಟಾನಾ ಆದ. ಸ್ಥಳಾಭಾವದಿಂದ ಬಿಟ್ಟದ್ದನ್ನೂ ಸಂಕೋಚದಿಂದ ಬಿಟ್ಟದ್ದನ್ನೂ ಚರಿತ್ರಕಾರರು ಒಂದೇ ಪಟ್ಟಿಗೆ ಸೇರಿಸುವುದು ಸರಿಯಲ್ಲ, ಏಕೆಂದರೆ ಮೊದಲನೆಯದು ಯಂತ್ರದ ಚರಿತ್ರೆಗೂ ಎರಡನೆಯದು ಸಮಾಜದ ಚರಿತ್ರೆಗೂ ಸೇರಿದ ಸಾಕ್ಷ್ಯ.

ಸೆಗಾ ಸಂಸ್ಥೆ ಪರವಾನಗಿ ಪಡೆದು 1993ರಲ್ಲಿ ತಂದ ‘ಫೈನಲ್ ಫೈಟ್ ಸಿಡಿ’ ಕಳೆದುಹೋದ ಬಹುಪಾಲನ್ನು ಮರಳಿ ಕೊಟ್ಟಿತು. ಮೆಗಾ ಡ್ರೈವ್ ಯಂತ್ರಕ್ಕೆ ಜೋಡಿಸುತ್ತಿದ್ದ ಮೆಗಾ ಸಿಡಿ ಎಂಬ ಘಟಕದ ತಟ್ಟೆಗೆ ಕಾರ್ಟ್ರಿಜ್‌ನಂತಹ ಇಕ್ಕಟ್ಟಿರಲಿಲ್ಲ. ಮೂವರು ನಾಯಕರು, ಕೈಗಾರಿಕಾ ಪ್ರದೇಶ, ಇಬ್ಬರ ಆಟ ಎಲ್ಲವೂ ಅದರಲ್ಲಿದ್ದವು, ಜೊತೆಗೆ ಹೊಸದಾಗಿ ಸಂಯೋಜಿಸಿದ ಸಂಗೀತವೂ ಇತ್ತು. ಆದರೆ ಮೂಲ ಮೆಗಾ ಡ್ರೈವ್ ಒಮ್ಮೆಗೆ ತೋರಿಸುತ್ತಿದ್ದ ಬಣ್ಣಗಳು 64ರ ಮಿತಿಯೊಳಗೇ ಇದ್ದುದರಿಂದ ಮೆಟ್ರೋ ಸಿಟಿಯ ಸಂಜೆಗೆಂಪು ಇಲ್ಲಿ ಮಂಕಾಗಿ ಕಾಣುತ್ತದೆ. ಹಾಗಿದ್ದೂ ಮೂಲದ ಜೀವಾಳಕ್ಕೆ ನಿಷ್ಠವಾದುದು ಆ ಕಾಲದ ಮನೆಯಂತ್ರಗಳ ಆವೃತ್ತಿಗಳಲ್ಲಿ ಇದೇ ಎನ್ನಬೇಕು.

ಅದೇ ವರ್ಷ ಹಳೆಯ 8-ಬಿಟ್ ಫ್ಯಾಮಿಕಾಮ್‌ಗೆ ಬಂದ ‘ಮೈಟಿ ಫೈನಲ್ ಫೈಟ್’ ಮೂಲವನ್ನು ಅನುಕರಿಸುವ ಹಂಬಲವನ್ನೇ ಬಿಟ್ಟು, ದೊಡ್ಡ ತಲೆಯ ಪುಟ್ಟ ಗೊಂಬೆಗಳಂತಹ ಪಾತ್ರಗಳನ್ನೂ ಅನುಭವಾಂಕ ಗಳಿಸಿ ಬಲ ಹೆಚ್ಚಿಸಿಕೊಳ್ಳುವ ಕ್ರಮವನ್ನೂ ತಂದುಕೊಂಡಿತು. ‘ಫೈನಲ್ ಫೈಟ್ 2’ ಆರ್ಕೇಡಿನ ಮುಖವನ್ನೇ ನೋಡದೆ ನೇರವಾಗಿ ಸೂಪರ್ ಫ್ಯಾಮಿಕಾಮ್‌ಗೆ ಬಂತು, ಇಬ್ಬರ ಆಟವನ್ನು ಆ ಯಂತ್ರದಲ್ಲೂ ಸಾಧ್ಯವಾಗಿಸಿತು. ನಿಶಿತಾನಿ ಮತ್ತು ಯಾಸುದಾ ಅಷ್ಟರಲ್ಲಿ 1991ರ ‘ಸ್ಟ್ರೀಟ್ ಫೈಟರ್ 2’ರ ಮೂಲಕ ಆರ್ಕೇಡುಗಳ ಗಮನವನ್ನು ಬೇರೆಡೆಗೆ ತಿರುಗಿಸಿಯಾಗಿತ್ತು. ರೊಲೆಂಟೊನ ಕೈಗಾರಿಕಾ ಪ್ರದೇಶ ನಿಂಟೆಂಡೊ ಯಂತ್ರವೊಂದರಲ್ಲಿ ಕಾಣಿಸಿಕೊಂಡದ್ದು 2001ರಲ್ಲಿ, ಅಂಗೈಯಲ್ಲಿ ಹಿಡಿಯುವ ಗೇಮ್ ಬಾಯ್ ಅಡ್ವಾನ್ಸ್‌ಗಾಗಿ ಬಂದ ‘ಫೈನಲ್ ಫೈಟ್ ಒನ್’ನಲ್ಲಿ; ಅದರಲ್ಲಿ ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ ಇಬ್ಬರು ಕೂಡಿ ಆಡಬಹುದಾಗಿತ್ತು.