ಸುಕ್ಕು ತುಂಬುವ ಸೂಜಿಗೂ ಸತ್ವಪರೀಕ್ಷೆ

ಮುಖದ ಸುಕ್ಕನ್ನು ಸೂಜಿಯಿಂದ ತುಂಬಿ ವಯಸ್ಸನ್ನು ಮರೆಮಾಚುವ ಆಸೆ ನೂರು ವರ್ಷಕ್ಕೂ ಹಳೆಯದು. 1899ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗೆರ್ಸುನಿ ದೇಹದ ಕೊರತೆಯೊಂದನ್ನು ತುಂಬಲು ವ್ಯಾಸಲೀನ್ ಚುಚ್ಚಿದರು. ಬೆನ್ನಲ್ಲೇ ಪ್ಯಾರಾಫಿನ್ ಮೇಣ ಹಲವರ ಮೂಗು, ಕೆನ್ನೆ ಸೇರಿತು. ಆಗ ಯಾವ ಪರೀಕ್ಷೆಯ ಕಟ್ಟುಪಾಡೂ ಇರಲಿಲ್ಲ. ವರ್ಷಗಳು ಕಳೆದಂತೆ ಮೇಣ ಜಾರಿತು, ಗಂಟುಗಟ್ಟಿತು, ಹುಣ್ಣಾಯಿತು. ದೇಹ ಅದನ್ನು ಕರಗಿಸಲಾರದು. ಹೀಗಾಗಿ ವೈದ್ಯರ ತಪ್ಪು ರೋಗಿಯ ಮುಖದಲ್ಲೇ ಉಳಿಯಿತು.

ಕರಗಿಹೋಗುವ ವಸ್ತುವಿನ ಹುಡುಕಾಟಕ್ಕೆ ಇದೇ ಪ್ರೇರಣೆ. ಹಸುವಿನ ಚರ್ಮದಿಂದ ತೆಗೆದ ಕೊಲ್ಯಾಜೆನ್ ಪ್ರೋಟೀನಿನಿಂದ ತಯಾರಾದ 'ಜೈಡರ್ಮ್'ಗೆ 1981ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಪ್ಪಿಗೆ ನೀಡಿತು. ಮೊದಲು ಮುಂಗೈಗೆ ತುಸು ಚುಚ್ಚಿ ನಾಲ್ಕು ವಾರ ಕಾಯಬೇಕಿತ್ತು. ನೂರರಲ್ಲಿ ಸುಮಾರು 3 ಮಂದಿಗೆ ಅದು ಒಗ್ಗುತ್ತಿರಲಿಲ್ಲ. ಮೊದಲ ಪರೀಕ್ಷೆ ದಾಟಿದವರಲ್ಲೂ ಕೆಲವರಿಗೆ ಅಲರ್ಜಿ ಕಂಡಿದ್ದರಿಂದ ಎರಡನೆಯ ಪರೀಕ್ಷೆಯೂ ರೂಢಿಗೆ ಬಂತು.

ಅನಂತರ ಬಂದದ್ದು ಹೈಲುರಾನಿಕ್ ಆಮ್ಲ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ದನದ ಕಣ್ಣಿನಲ್ಲಿ ಗುರುತಿಸಿದ್ದರು. ಸಹಜ ರೂಪದಲ್ಲಿ ಇದು ಬೇಗನೆ ಕರಗುತ್ತದೆ. ಅಣುಗಳನ್ನು ಒಂದಕ್ಕೊಂದು ಹೆಣೆದರೆ ತಿಂಗಳುಗಟ್ಟಲೆ ನಿಲ್ಲುತ್ತದೆ.

ಆದರೆ ಸುಕ್ಕು ನಿಜಕ್ಕೂ ಕಡಿಮೆಯಾಯಿತೆಂದು ಹೇಳುವವರು ಯಾರು? ಹಣ ತೆತ್ತವರ ಕಣ್ಣನ್ನು ನಂಬುವಂತಿಲ್ಲ. ಸ್ವೀಡನ್ನಿನ 'ರೆಸ್ಟಿಲೇನ್' ಪರೀಕ್ಷೆಯಲ್ಲಿ 138 ಮಂದಿಯ ಮುಖದ ಒಂದು ಬದಿಗೆ ಹೊಸ ವಸ್ತು, ಇನ್ನೊಂದಕ್ಕೆ ಕೊಲ್ಯಾಜೆನ್ ಚುಚ್ಚಲಾಯಿತು. ಯಾವ ಬದಿಗೆ ಯಾವುದೆಂದು ಫಲಿತಾಂಶ ಅಳೆಯುವವರಿಗೆ ತಿಳಿಸಲಿಲ್ಲ. ಆರು ತಿಂಗಳ ಬಳಿಕ ಶೇಕಡಾ 57ರಷ್ಟು ಮಂದಿಯಲ್ಲಿ ಹೊಸದೇ ಮೇಲೆನಿಸಿತು. ಕೊಲ್ಯಾಜೆನ್ ಗೆದ್ದದ್ದು ಶೇಕಡಾ 10ಕ್ಕೂ ಕಡಿಮೆ ಜನರಲ್ಲಿ. ಉಳಿದವರಲ್ಲಿ ಎರಡೂ ಸಮ. 2003ರ ಡಿಸೆಂಬರಿನಲ್ಲಿ ಇದಕ್ಕೆ ಅಮೆರಿಕದ ಪರವಾನಗಿ ದೊರೆಯಿತು.

ಅಲ್ಲಿಗೆ ಪರೀಕ್ಷೆ ಮುಗಿಯಿತೆ? ಇಲ್ಲ. ಸಾವಿರಾರು ಜನರಲ್ಲಿ ಒಬ್ಬರಿಗೆ ಒದಗುವ ಅಪಾಯ 138 ಮಂದಿಯಲ್ಲಿ ಕಾಣಿಸದೇ ಹೋಗಬಹುದು. ಸೂಜಿ ತಪ್ಪಿ ರಕ್ತನಾಳ ಹೊಕ್ಕರೆ ಆ ವಸ್ತು ಹರಿದು ಕಣ್ಣಿನ ಅಥವಾ ಮಿದುಳಿನ ರಕ್ತಸಂಚಾರವನ್ನೇ ತಡೆಯಬಲ್ಲದು. ದೃಷ್ಟಿನಾಶ, ಪಾರ್ಶ್ವವಾಯುವಿನ ವರದಿಗಳು ಬಂದ ಮೇಲೆ 2015ರಲ್ಲಿ ಇದೇ ಆಡಳಿತ ಎಚ್ಚರಿಕೆ ಹೊರಡಿಸಿತು. ಹೈಲುರಾನಿಕ್ ಆಮ್ಲವನ್ನು ಕರಗಿಸುವ ಕಿಣ್ವ ಉಂಟು ನಿಜ. ಆದರೆ ರಕ್ತ ನಿಂತ ಕಣ್ಣಿಗೆ ಕಾಯುವ ವ್ಯವಧಾನವಿಲ್ಲ.

ತುಂಬಿದ ವಸ್ತು ತಿಂಗಳುಗಳಲ್ಲಿ ಕರಗಬಹುದು, ಅದು ತಂದ ಕುರುಡು ಕರಗದು. ಆದ್ದರಿಂದಲೇ ಪರವಾನಗಿ ಸಿಕ್ಕ ಮೇಲೂ ಪ್ರತಿಯೊಂದು ಅವಘಡ ದಾಖಲಾಗಬೇಕು. ಇಲ್ಲಿ ಸೂಜಿ ಚುಚ್ಚಿಸಿಕೊಳ್ಳುವವರು ರೋಗಿಗಳಲ್ಲ, ಬಹುಪಾಲು ಆರೋಗ್ಯವಂತರು ಎಂಬುದನ್ನು ಮರೆಯುವಂತಿಲ್ಲ.