‘ಮಾ’ ಎಂಬ ಒಂದಕ್ಷರದ ಮಾತು

ಇಂದಿನ ನಮ್ಮ ವಿಷಯವು ಒಂದೇ ಅಕ್ಷರದ ಮಾತು. ನಮ್ಮ ಕವಿಗಳು ‘ಮಾಮರ’ವೆಂದಾಗ ಅದರ ಮೊದಲಿನ ‘ಮಾ’ ಎಂಬುದು ಮಾವು. ಸಂಸ್ಕೃತದಲ್ಲಿ ಅದು ಲಕ್ಷ್ಮಿಯ ಹೆಸರು. ‘ಮಾ’ ಎಂಬವಳ ಧವನೇ ಮಾಧವನೆಂಬ ನಿರ್ವಚನವು ಪ್ರಸಿದ್ಧವಾಗಿದೆ. ಅದೇ ಸಂಸ್ಕೃತದಲ್ಲಿ ಅದು ಬೇಡವೆನ್ನುವ ಅವ್ಯಯವೂ ಹೌದು, ಅಳೆಯುವುದೆಂಬ ಅರ್ಥದ ಧಾತುವೂ ಹೌದು. ಮಾನ, ಮಾತ್ರೆ, ಪ್ರಮಾಣಗಳು ಆ ಧಾತುವಿನಿಂದ ಹುಟ್ಟಿದವು. ತಮಿಳಿನಲ್ಲಿ ಮಾವಿನ ಜೊತೆಗೆ ಮೃಗ, ಕುದುರೆ, ಹಿಟ್ಟು, ಹಿರಿದು, ಇಪ್ಪತ್ತರಲ್ಲೊಂದು ಭಾಗ ಇವೆಲ್ಲಕ್ಕೂ ಅದೇ ಮಾತು ಸಲ್ಲುತ್ತದೆ.

ದೇಶದ ಗಡಿಯನ್ನು ದಾಟಿದರೆ ಅರ್ಥಗಳು ಮತ್ತಷ್ಟು ಕವಲೊಡೆಯುತ್ತವೆ. ಅರಬ್ಬಿಯಲ್ಲಿ ‘ಮಾ’ ಎಂದರೆ ‘ಏನು’. ಅದೇ ಇಲ್ಲವೆಂಬ ಅರ್ಥವನ್ನೂ ಕೊಡುತ್ತದೆ. ಇಟಲಿಯವರಿಗೆ ‘ಮ’ ಎಂದರೆ ‘ಆದರೆ’; ಹಂಗೇರಿಯವರಿಗೆ ‘ಇಂದು’; ಎಸ್ಟೋನಿಯದವರಿಗೆ ‘ನಾನು’. ಚೀನೀಯರು ಸ್ವರವನ್ನು ಏರಿಳಿಸಿ ಅದೊಂದರಿಂದಲೇ ತಾಯಿ, ಸೆಣಬು, ಕುದುರೆ, ಬೈಗುಳಗಳನ್ನು ಬೇರೆಬೇರೆಯಾಗಿ ನುಡಿಯುತ್ತಾರೆ.

ಇಷ್ಟೇ ಆಗಿದ್ದರೆ ಇದು ಕೇವಲ ವಿನೋದವಾಗುತ್ತಿತ್ತು. ಆದರೆ ಈ ಪಟ್ಟಿಯಲ್ಲಿ ತಮಿಳಿನ ಕುದುರೆಯೂ ಚೀನದ ಕುದುರೆಯೂ ಒಂದೇ ಹೆಸರಿನಿಂದ ನಿಂತಿರುವುದನ್ನು ಗಮನಿಸಬೇಕು. ಆತುರದ ಚರಿತ್ರಕಾರನಾದರೆ ಇದರ ಮೇಲೆಯೇ ಒಂದು ಪುರಾತನ ಅಶ್ವವ್ಯಾಪಾರವನ್ನು ಕಟ್ಟಿ ನಿಲ್ಲಿಸಿಬಿಟ್ಟಾನು. ವಿಚಾರಮಾಡಿದರೆ ಆ ಕಟ್ಟಡ ನಿಲ್ಲುವುದಿಲ್ಲ. ಪ್ರಾಚೀನ ಚೀನೀ ಭಾಷೆಯ ಆ ಪದದಲ್ಲಿ ಮಕಾರದ ಬೆನ್ನಿಗೇ ಒಂದು ರೇಫವಿತ್ತೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ; ತಮಿಳಿನ ಮಾತಾದರೋ ಮೃಗಸಾಮಾನ್ಯಕ್ಕೂ ಸಲ್ಲುವಂಥದು. ಇಂದು ಒಂದೇ ಆಗಿ ಕೇಳಿಸುವ ಎರಡು ಮಾತುಗಳು ಹಿಂದೆ ಒಂದಾಗಿದ್ದುವೆಂದು ಹೇಳುವ ಹಾಗಿಲ್ಲ.

ಅರ್ಥವೂ ಕೂಡಿಬಂದರೆ ಸಂಬಂಧವು ಸಿದ್ಧವಾಯಿತೇ? ಅದೂ ಇಲ್ಲ. ತಾಯಿಗೆ ಮಕಾರದ ಹೆಸರು ಲೋಕದ ಬಹುಭಾಷೆಗಳಲ್ಲಿದೆ. ರೋಮನ್ ಯಾಕೊಬ್ಸನ್ ಎಂಬ ಪಂಡಿತರು 1960ರಲ್ಲಿ ಪ್ರಕಟವಾದ ಲೇಖನದಲ್ಲಿ ಇದರ ಕಾರಣವನ್ನು ವಿವರಿಸಿದರು. ಮೊಲೆಯುಣ್ಣುವ ಶಿಶುವಿನ ಬಾಯಿ ತುಂಬಿರುವಾಗ ಮೂಗಿನಿಂದ ಹೊರಡುವ ಮೆಲುದನಿಯೇ ಮಕಾರದ ಮೂಲ. ಅದನ್ನು ಕೇಳಿದ ಹಿರಿಯರು ಅದಕ್ಕೆ ಅರ್ಥವನ್ನು ಕೊಡುತ್ತಾರೆ. ಇಂತಹ ಮಾತುಗಳು ಎಲ್ಲಿ ಬೇಕಾದರೂ ತಾವಾಗಿಯೇ ಹುಟ್ಟಬಲ್ಲುವು. ಕಾಕಸಸ್ ಪ್ರಾಂತದ ಜಾರ್ಜಿಯದವರಲ್ಲಿ ‘ಮಾಮಾ’ ಎಂದರೆ ತಂದೆ, ‘ದೇದಾ’ ಎಂದರೆ ತಾಯಿ ಎಂಬುದನ್ನೂ ಇಲ್ಲಿ ನೆನೆಯಬಹುದು.

ಹಾಗಾದರೆ ಭಾಷೆಗಳ ನಂಟನ್ನು ಅರಿಯುವ ಬಗೆ ಯಾವುದು? ಅದನ್ನು ನಮ್ಮ ದಕ್ಷಿಣದೇಶದಲ್ಲಿಯೇ ಒಬ್ಬರು ತೋರಿಸಿಕೊಟ್ಟರು. ಮದರಾಸಿನಲ್ಲಿ ಕಲೆಕ್ಟರಾಗಿದ್ದ ಎಲ್ಲಿಸ್ ಎಂಬುವರು, 1816ರಲ್ಲಿ ಅಚ್ಚಾದ ಕ್ಯಾಂಬೆಲ್ಲರ ತೆಲುಗು ವ್ಯಾಕರಣಕ್ಕೆ ಬರೆದ ಪ್ರಬಂಧದಲ್ಲಿ, ತೆಲುಗು ಕನ್ನಡ ತಮಿಳುಗಳ ಧಾತುಗಳನ್ನು ಸಾಲುಸಾಲಾಗಿ ಜೋಡಿಸಿ, ಇವು ಸಂಸ್ಕೃತದಿಂದ ಹುಟ್ಟಿದುವಲ್ಲ, ತಮ್ಮಲ್ಲೇ ಒಂದು ಕುಲವೆಂದು ಸಾಧಿಸಿದರು. ಅವರು ನಂಬಿದ್ದು ಒಂಟಿ ಪದವನ್ನಲ್ಲ, ಪದಗಳ ಪಂಕ್ತಿಯನ್ನು. ನಮ್ಮ ಹಾಲು ತಮಿಳಿನಲ್ಲಿ ಪಾಲ್, ಹಲ್ಲು ಪಲ್, ಹುಲಿ ಪುಲಿ, ಹಾವು ಪಾಂಬು. ಹಳಗನ್ನಡದಲ್ಲಿಯೂ ಇವು ಪಕಾರಾದಿಯಾಗಿಯೇ ಇದ್ದುವು. ಇಲ್ಲಿ ಸಾಕ್ಷ್ಯ ಹೇಳುವುದು ಹೋಲಿಕೆಯಲ್ಲ, ನಿಯಮ.

ಈ ನಿಯಮದ ಬೆಲೆ ಎಷ್ಟೆಂಬುದಕ್ಕೆ ಕನ್ನಡಿಗರಿಗೆ ಪ್ರಿಯವಾದ ಒಂದು ನಿದರ್ಶನವಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಸ್ಥಳದಲ್ಲಿ ದೊರೆತ ಗ್ರೀಕ್ ಪ್ರಹಸನವೊಂದು 1903ರಲ್ಲಿ ಪ್ರಕಟವಾಯಿತು. ಪಪೈರಸ್ ಹಾಳೆಯ ಮೇಲಿನ ಆ ಬರಹ ಕ್ರಿಸ್ತಶಕ 2ನೆಯ ಶತಮಾನದ್ದೆನ್ನುತ್ತಾರೆ. ಅದರಲ್ಲಿ ಪರದೇಶದ ಪಾತ್ರಗಳು ಗ್ರೀಕರಿಗೆ ತಿಳಿಯದ ನುಡಿಯನ್ನಾಡುತ್ತವೆ. 1904ರಲ್ಲಿ ಹುಲ್ಟ್ಜ್ ಎಂಬ ಶಾಸನತಜ್ಞರು ಅದನ್ನು ಕನ್ನಡವೆಂದು ಸೂಚಿಸಿ, ‘ಬೇರೆ’, ‘ಕೊಂಚ’ ಮುಂತಾದ ಚಿಕ್ಕ ಮಾತುಗಳನ್ನು ಅಲ್ಲಿ ಗುರುತಿಸಿದರು. ಇದು ನಿಜವಾದರೆ ಹಲ್ಮಿಡಿಯ ಶಿಲಾಶಾಸನಕ್ಕಿಂತ ಸುಮಾರು ಮೂರು ಶತಮಾನ ಹಿಂದಿನ ಕನ್ನಡವನ್ನು ನಾವು ಕೇಳಿದಂತಾಗುತ್ತದೆ. ಆದರೆ 1926ರಲ್ಲಿ ಬಾರ್ನೆಟ್ ಪಂಡಿತರು ಈ ಅಭಿಪ್ರಾಯವನ್ನು ಒಪ್ಪಲಿಲ್ಲ. ಬಿಡಿಸಿ ಬರೆಯದ ಸಾಲನ್ನು ಎಲ್ಲಿ ಕತ್ತರಿಸಬೇಕೆಂಬುದು ಓದುವವನ ಕೈಯಲ್ಲಿದೆ; ಕತ್ತರಿಸಿದ ಚೂರು ಚಿಕ್ಕದಾದಷ್ಟೂ ಅದು ಯಾವ ಭಾಷೆಯನ್ನಾದರೂ ಹೋಲಬಹುದು. ನಗಿಸುವುದಕ್ಕಾಗಿ ಹೊಸೆದ ಅರ್ಥವಿಲ್ಲದ ಸದ್ದೂ ಅದಾಗಿರಬಹುದು.

ನಮ್ಮ ನುಡಿಯ ಪ್ರಾಚೀನತೆಯನ್ನು ಕೇಳಿ ನಾವು ಹಿಗ್ಗುವುದು ಸಹಜವೇ ಸರಿ. ಆದರೆ ಅಭಿಮಾನವು ಪ್ರಮಾಣದ ಸ್ಥಾನದಲ್ಲಿ ಕುಳಿತರೆ, ಅದೇ ಉಪಾಯದಿಂದ ಬೇರೊಬ್ಬರು ಕನ್ನಡವನ್ನೇ ತಮ್ಮ ಭಾಷೆಯ ಕೂಸೆಂದು ಸಾಧಿಸಿಬಿಡಬಹುದು. ಆಗ ಅವರಿಗೆ ಉತ್ತರ ಹೇಳಲು ನಮ್ಮಲ್ಲಿ ಏನೂ ಉಳಿದಿರುವುದಿಲ್ಲ. ಎಲ್ಲಿಸ್ ಸಾಹೇಬರ ಆ ಉದ್ದನೆಯ ಪಟ್ಟಿಗಳು ಓದುವುದಕ್ಕೆ ನೀರಸವೇ ಹೌದು. ಆದರೂ ಕನ್ನಡವು ತನ್ನ ಕುಲದಲ್ಲಿ ತಾನೇ ನಿಂತ ಭಾಷೆಯೆಂಬ ಮಾತನ್ನು ಲೋಕವು ಒಪ್ಪಿರುವುದು ಅಂತಹ ಪಟ್ಟಿಗಳಿಂದಲೇ ಹೊರತು ಕಿವಿಗೆ ಇಂಪಾದ ಹೋಲಿಕೆಗಳಿಂದಲ್ಲ.