ಕಾವ್ಯಾಸ್ವಾದವೂ ಕವಿಜೀವನವೂ: ಮುದ್ದಣನ ನಿದರ್ಶನ

ಕಾವ್ಯವನ್ನು ಸವಿಯುವುದು ಒಂದು ಕೆಲಸ, ಕಾವ್ಯವನ್ನು ರಚಿಸುವುದು ಮತ್ತೊಂದು ಕೆಲಸ ಎಂದು ಲೋಕದಲ್ಲಿ ಎಣಿಸುವುದುಂಟು. ಮೊದಲನೆಯದು ವಿರಾಮಕಾಲದ ವಿನೋದ. ಎರಡನೆಯದು ಎಲ್ಲಿಯೋ ಕೆಲವರಿಗೆ ದೈವದತ್ತವಾಗಿ ಬಂದ ಶಕ್ತಿ. ಹೀಗೆಂದು ತಿಳಿದು ನಾವು ನಿಶ್ಚಿಂತರಾಗಿರುತ್ತೇವೆ. ನಮ್ಮ ಪ್ರಾಚೀನರ ಮತವು ಹೀಗಿರಲಿಲ್ಲ. ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಇದ್ದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಎರಡಾಗಿ ವಿಂಗಡಿಸಿ, ರಚಿಸುವ ಶಕ್ತಿಗೆ ಕಾರಯಿತ್ರಿಯೆಂದೂ ಸವಿಯುವ ಶಕ್ತಿಗೆ ಭಾವಯಿತ್ರಿಯೆಂದೂ ಹೆಸರಿಟ್ಟನು. ಓದುಗನಿಗೂ ಪ್ರತಿಭೆ ಬೇಕೆಂಬ ಈ ಮಾತು ಸಣ್ಣದಲ್ಲ. ಓದುಗನ ಪ್ರತಿಭೆಯು ಬತ್ತಿದ ನಾಡಿನಲ್ಲಿ ಕವಿಯ ಬಾಳು ಏನಾದೀತೆಂಬುದನ್ನು ಚರಿತ್ರೆಯಿಂದ ತಿಳಿಯಬಹುದು.

ಕನ್ನಡ ನಾಡಿನಲ್ಲಿ ಆ ಪ್ರತಿಭೆಯು ಬಲವಾಗಿದ್ದ ಕಾಲವೊಂದಿತ್ತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದಳೆಂದು ಪ್ರಸಿದ್ಧವಾಗಿದೆ. ಅಚ್ಚಿನ ಯಂತ್ರವಿಲ್ಲದ ದಿನಗಳಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಗರಿ, ಎಷ್ಟು ಕಂಠ, ಎಷ್ಟು ಮಂದಿ ಲಿಪಿಕಾರರು ಎಂಬುದನ್ನು ಊಹಿಸಿಕೊಳ್ಳಬೇಕು. ಅದರಲ್ಲಿ ಧರ್ಮಶ್ರದ್ಧೆಯಿದ್ದುದು ನಿಜ, ಕಾವ್ಯಶ್ರದ್ಧೆಯೂ ಇದ್ದಿತು. ಏಕೆಂದರೆ ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದುದು ಆಕೆಯ ಆಶ್ರಯದಲ್ಲಿಯೇ. ಹಳೆಯ ಕವಿಯನ್ನು ಮೆಚ್ಚಿದ ಕೈ ಹೊಸ ಕವಿಯನ್ನೂ ಎತ್ತಿ ಹಿಡಿಯಿತು.

ಅತ್ತಿಮಬ್ಬೆಯಂತಹವರು ದೊರೆಯದ ಕಾಲದಲ್ಲಿ ಕವಿಯ ಪಾಡೇನು? ಇದಕ್ಕೆ ಉತ್ತರವನ್ನು ಹುಡುಕಲು ನಾವು ಬಹು ಹಿಂದಕ್ಕೆ ಹೋಗಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹತ್ತು ವರ್ಷಗಳನ್ನು ನೋಡಿದರೆ ಸಾಕು. ಅದು ಮುದ್ದಣನ ಕಾಲ.

ನಂದಳಿಕೆ ಲಕ್ಷ್ಮೀನಾರಣಪ್ಪನು ಹುಟ್ಟಿದುದು 1870ರಲ್ಲಿ, ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ನಂದಳಿಕೆ ಗ್ರಾಮದಲ್ಲಿ. ಮುದ್ದಣನೆಂಬುದು ಮನೆಯವರು ಅಕ್ಕರೆಯಿಂದ ಕರೆದ ಹೆಸರು. ಬಡತನದಿಂದ ವಿದ್ಯಾಭ್ಯಾಸವು ನಡುವೆಯೇ ನಿಂತಿತು. ಹೊಟ್ಟೆಪಾಡಿಗಾಗಿ ಮದರಾಸಿನಲ್ಲಿ ಅಂಗಸಾಧನೆಯ ಶಿಕ್ಷಣವನ್ನು ಪಡೆದು, ಉಡುಪಿಯ ಪಾಠಶಾಲೆಯಲ್ಲಿ ವ್ಯಾಯಾಮದ ಉಪಾಧ್ಯಾಯನಾದನು. ಹಗಲು ಹುಡುಗರಿಗೆ ಕವಾಯತು ಹೇಳಿಕೊಡುವುದು; ಉಳಿದ ಹೊತ್ತಿನಲ್ಲಿ ಹಳಗನ್ನಡ ಕಾವ್ಯಗಳನ್ನು ಓದುವುದು. ಇದು ಅವನ ದಿನಚರಿ. ಅವನಿಗೆ ಪಂಡಿತಪದವಿಯಿರಲಿಲ್ಲ, ಆಸ್ಥಾನವಿರಲಿಲ್ಲ, ಹಣವಿರಲಿಲ್ಲ.

ಹಾಗಾದರೆ ಅವನ ಕಾವ್ಯಶಕ್ತಿಯು ಎಲ್ಲಿ ಬೆಳೆಯಿತು? ಮೊದಲು ಕಿವಿಯಲ್ಲಿ ಬೆಳೆಯಿತೆಂದು ನಾವು ತಿಳಿಯುತ್ತೇವೆ. ಅವನ ಸೀಮೆಯು ಯಕ್ಷಗಾನದ ಸೀಮೆ. ಸುಗ್ಗಿಯು ಮುಗಿದ ಮೇಲೆ ಬಯಲಿನಲ್ಲಿ ರಾತ್ರಿಯಿಡೀ ಆಟವು ನಡೆಯುವುದು. ಭಾಗವತನು ಪದ್ಯವನ್ನು ಹಾಡುವನು. ವೇಷಧಾರಿಯು ಅದಕ್ಕೆ ಆ ಕ್ಷಣದಲ್ಲಿಯೇ ತನ್ನ ಮಾತಿನಲ್ಲಿ ಅರ್ಥವನ್ನು ಹೇಳುವನು. ಓದುಬರಹವನ್ನು ತಿಳಿಯದ ಒಕ್ಕಲಿಗನೂ ಪದ್ಯದ ಭಾವವನ್ನು ಹಿಡಿದು, ಮಾತು ಚೆನ್ನಾಗಿ ಬಂದಾಗ ತಲೆದೂಗುವನು. ಪದ್ಯವು ಕಣ್ಣೆದುರಿಗೇ ಸಂಭಾಷಣೆಯಾಗಿ ಅರಳುವುದನ್ನು ಬಾಲ್ಯದಿಂದ ಕಂಡವನು ಮುದ್ದಣ. ತಾನೂ ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ ಎಂಬ ಎರಡು ಪ್ರಸಂಗಗಳನ್ನು ಬರೆದನು.

ಎರಡನೆಯದು, ಓದಿನಲ್ಲಿ ಬೆಳೆಯಿತು. ಹಳಗನ್ನಡವನ್ನು ಅವನು ಪರೀಕ್ಷೆಗಾಗಿ ಓದಲಿಲ್ಲ. ಆ ನುಡಿಯನ್ನು ಎಷ್ಟು ಸವಿದನೆಂದರೆ, ಅದರಲ್ಲಿಯೇ ನಗುವುದಕ್ಕೂ ಸರಸವಾಡುವುದಕ್ಕೂ ಕಲಿತನು. ಸತ್ತಿತೆಂದು ಬಿಟ್ಟ ಭಾಷೆಯಲ್ಲಿ ಗಂಡಹೆಂಡಿರು ಮನೆಯ ಜಗುಲಿಯಲ್ಲಿ ಕುಳಿತಂತೆ ಮಾತನಾಡಿಸಿದುದು ಅವನ ಸಾಹಸ. ಸವಿಯುವ ಶಕ್ತಿಯೇ ರಚಿಸುವ ಶಕ್ತಿಯಾಗಿ ತಿರುಗಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾವರಿಯೆವು.

ಆಗ ಮೈಸೂರಿನಲ್ಲಿ ಎಸ್. ಜಿ. ನರಸಿಂಹಾಚಾರ್ಯರೂ ಎಂ. ಎ. ರಾಮಾನುಜಯ್ಯಂಗಾರ್ಯರೂ ಓಲೆಗರಿಗಳಲ್ಲಿ ಅಡಗಿದ್ದ ಪ್ರಾಚೀನ ಕಾವ್ಯಗಳನ್ನು ಶೋಧಿಸಿ ‘ಕಾವ್ಯಮಂಜರಿ’ಯಲ್ಲಿ ಅಚ್ಚುಹಾಕಿಸುತ್ತಿದ್ದರು, ಮುಂದೆ ‘ಕಾವ್ಯಕಲಾನಿಧಿ’ಯು ಹೊರಟಿತು. ಈ ಮಾಲೆಗಳಿಂದ ಕನ್ನಡಕ್ಕಾದ ಉಪಕಾರವು ಅಪಾರವಾದುದು. ಉಡುಪಿಯಿಂದ ಘಟ್ಟವನ್ನು ಹತ್ತಿ ಬಂದ ಹಸ್ತಪ್ರತಿಗಳು ಈ ಮಾಲೆಗಳಲ್ಲಿ ಪ್ರಕಟವಾದುವು: ಗದ್ಯದಲ್ಲಿ ‘ಅದ್ಭುತ ರಾಮಾಯಣ’, ವಾರ್ಧಕ ಷಟ್ಪದಿಯಲ್ಲಿ ‘ಶ್ರೀರಾಮಪಟ್ಟಾಭಿಷೇಕ’, ಕೊನೆಗೆ ‘ಶ್ರೀರಾಮಾಶ್ವಮೇಧ’. ಆದರೆ ಕಳುಹಿಸಿದವನು ಇವು ತನ್ನ ಕೃತಿಗಳೆಂದು ಹೇಳಿಕೊಳ್ಳಲಿಲ್ಲ. ಹಿಂದಿನ ಕಾಲದ ಕವಿಯದೆಂಬ ವೇಷದಲ್ಲಿ ಅವು ವಿದ್ವಾಂಸರ ಮುಂದೆ ಬಂದುವು, ವಿದ್ವಾಂಸರು ಮೆಚ್ಚಿದರು. ಬರೆದವನು ಉಡುಪಿಯ ಬಯಲಿನಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸುತ್ತಿದ್ದನು.

ಹೆಸರನ್ನು ಏತಕ್ಕೆ ಮರೆಸಿದನು? ವಿನಯವೆಂದು ಕೆಲವರು, ಸಂಕೋಚವೆಂದು ಕೆಲವರು ಹೇಳುವರು. ವ್ಯಾಯಾಮದ ಉಪಾಧ್ಯಾಯನ ಕೃತಿಯೆಂದರೆ ಪಂಡಿತರು ಮೂಗು ಮುರಿಯುವರೆಂಬ ಶಂಕೆಯೇ ಕಾರಣವೆಂಬುದು ಬಹುಜನರ ಅಭಿಪ್ರಾಯ. ನಮಗೂ ಹಾಗೆಯೇ ತೋರುವುದು. ಹಾಗಿದ್ದರೆ ಅಪವಾದವು ಕವಿಯ ಮೇಲೆ ಬೀಳದೆ ಓದುಗರ ಮೇಲೆ ಬೀಳುತ್ತದೆ. ಕೃತಿಯ ಗುಣಕ್ಕಿಂತ ಅದರ ವಯಸ್ಸನ್ನು ಮೊದಲು ಕೇಳುವ ನಾಡಿನಲ್ಲಿ, ಬದುಕಿರುವ ಕವಿಯು ತಾನು ಸತ್ತವನೆಂದು ನಟಿಸಬೇಕಾಯಿತು.

ನಾಡಿನಲ್ಲಿ ದೊರೆಯದ ಓದುಗನನ್ನು ಮುದ್ದಣನು ತನ್ನ ಗ್ರಂಥದೊಳಗೇ ಸೃಷ್ಟಿಸಿಕೊಂಡನು. ಆಕೆಯೇ ಮನೋರಮೆ. ‘ಶ್ರೀರಾಮಾಶ್ವಮೇಧ’ದಲ್ಲಿ, ಮಳೆಗಾಲದ ಒಂದು ದಿನ ದಣಿದು ಅರಮನೆಯಿಂದ ಮನೆಗೆ ಬಂದ ಕವಿಯನ್ನು ಮಡದಿಯು ಉಪಚರಿಸಿ, ಕಥೆ ಹೇಳೆಂದು ಕೇಳುತ್ತಾಳೆ. ಆಕೆ ಸುಮ್ಮನೆ ಕೈಕಟ್ಟಿ ಕೇಳುವವಳಲ್ಲ. ಪದ್ಯ ಬೇಡ, ಗದ್ಯದಲ್ಲಿ ಹೇಳೆನ್ನುತ್ತಾಳೆ. ಸಂಸ್ಕೃತದ ಆಡಂಬರವನ್ನು ತೊಡಗಿದರೆ ಪರಿಹಾಸ್ಯಮಾಡಿ ತಿಳಿಗನ್ನಡಕ್ಕೆ ಇಳಿಸುತ್ತಾಳೆ. ನಡುನಡುವೆ ಬಾಯಿಹಾಕಿ ಕೆಣಕುತ್ತಾಳೆ. ಆಕೆಯ ಕಿವಿಗೆ ಒಪ್ಪಬೇಕಾದುದರಿಂದ ಕವಿಯ ವಾಕ್ಯವು ಹಗುರವಾಗುತ್ತದೆ, ಚುರುಕಾಗುತ್ತದೆ. ರಾಮನ ಕಥೆಯನ್ನು ಮರೆತವರು ಕೂಡ ಈ ಸಲ್ಲಾಪವನ್ನು ನೆನೆಯುವರು. ಯಕ್ಷಗಾನದ ಅರ್ಥಗಾರಿಕೆಯ ಚಮತ್ಕಾರವು ಇಲ್ಲಿ ಬೇರೊಂದು ರೂಪವನ್ನು ತಾಳಿದೆಯೆಂಬುದು ನಮ್ಮ ಊಹೆ. ಮನೋರಮೆಯಲ್ಲಿ ಕವಿಯ ಗೃಹಿಣಿಯ ಛಾಯೆಯಿದೆಯೆಂದೂ ಹೇಳುವುದುಂಟು. ಅದು ಹೇಗಾದರೂ ಇರಲಿ. ಬರೆಯುವವನಿಗೆ ಬೇಕಾದ ಓದುಗನು ಎಂತಹವನೆಂಬುದನ್ನು ಕನ್ನಡದಲ್ಲಿ ಇಷ್ಟು ಇಂಪಾಗಿ ಚಿತ್ರಿಸಿದವರು ಮತ್ತೊಬ್ಬರಿಲ್ಲ. ಪ್ರೀತಿಯಿರಬೇಕು, ದಾಕ್ಷಿಣ್ಯವಿರಕೂಡದು, ಕೇಳುವ ಆಸೆಯಿರಬೇಕು, ಬೇಸರವಾದರೆ ಬೇಸರವೆಂದು ಹೇಳುವ ಧೈರ್ಯವೂ ಇರಬೇಕು.

1901ರ ಫೆಬ್ರವರಿಯಲ್ಲಿ ಮುದ್ದಣನು ಕ್ಷಯರೋಗದಿಂದ ತೀರಿಕೊಂಡನು. ಆಗ ಅವನಿಗೆ ಮೂವತ್ತೊಂದು ವಯಸ್ಸು. ‘ಶ್ರೀರಾಮಾಶ್ವಮೇಧ’ವು ಅಚ್ಚಾದುದು 1899ರಿಂದ 1901ರವರೆಗಿನ ಅವಧಿಯಲ್ಲಿ. ಮುದ್ದಣನೆಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪನೆಂಬುದು ನಾಡಿಗೆ ಗೊತ್ತಾದುದು ಅವನು ಹೋದ ಮೇಲೆ. ಅನಂತರ ಅವನ ಪುಟಗಳು ಪಠ್ಯಪುಸ್ತಕಗಳಿಗೆ ಬಂದುವು. ತಲೆಮಾರು ತಲೆಮಾರಿನ ಹುಡುಗರು ಮನೋರಮೆಯ ಮಾತಿಗೆ ನಕ್ಕರು. ಆ ನಗೆಯ ಒಂದು ಅಲೆಯಾದರೂ ಬದುಕಿದ್ದಾಗ ಅವನ ಕಿವಿಗೆ ಬಿದ್ದಿದ್ದರೆ! ರೋಗವು ನಿಲ್ಲುತ್ತಿರಲಿಲ್ಲವೇನೋ, ಆದರೆ ತನ್ನ ಮಾತು ಮತ್ತೊಬ್ಬರ ಮನೆಯನ್ನು ಮುಟ್ಟಿತೆಂಬ ತಿಳಿವಾದರೂ ಅವನಿಗಾಗುತ್ತಿತ್ತು.

ಈ ವೃತ್ತಾಂತದಿಂದ ನಾವು ಕಲಿಯತಕ್ಕದ್ದು ಎರಡು. ಬರೆಯಲು ಹೊರಟವರು ಮೊದಲು ಸವಿಯುವುದನ್ನು ಕಲಿಯಬೇಕು. ಕಾವ್ಯವನ್ನು ಕಣ್ಣಿನಿಂದ ಓದಿ ಬಿಟ್ಟರೆ ಸಾಲದು, ಬಾಯಿಬಿಟ್ಟು ಓದಬೇಕು. ಹಳಗನ್ನಡದ ಪದ್ಯವು ಅಚ್ಚಿನಲ್ಲಿ ಗಂಟುಗಂಟಾಗಿ ಕಂಡರೂ, ಗಮಕಿಯು ಪದಗಳನ್ನು ಬಿಡಿಸಿ ಭಾವಕ್ಕೆ ತಕ್ಕ ರಾಗದಲ್ಲಿ ವಾಚಿಸಿದೊಡನೆ ತಾನಾಗಿ ಸಡಿಲುವುದು. ದಿನಕ್ಕೆ ಹತ್ತು ಪದ್ಯಗಳನ್ನು ಹೀಗೆ ಓದುವುದು ಯಾವ ವೃತ್ತಿಯವರಿಗೂ ಅಸಾಧ್ಯವಲ್ಲ. ಕವಾಯತಿನ ಮೇಷ್ಟರಿಗೆ ದೊರೆತ ಹೊತ್ತು ಕಚೇರಿಯ ಗುಮಾಸ್ತರಿಗೂ ವಕೀಲರಿಗೂ ದೊರೆಯದೆಂದು ಹೇಳಲಾಗದು. ಬರೆದುದನ್ನು ಸಭೆಗೆ ತರುವ ಮೊದಲು, ಮುಖಸ್ತುತಿಮಾಡದ ಒಬ್ಬರ ಮುಂದೆ ಓದುವುದು ಲೇಸು.

ಇನ್ನು ಬರೆಯದವರ ಹೊಣೆ. ಸಾವಿರ ಪ್ರತಿಗಳನ್ನು ಬರೆಯಿಸುವುದು ನಮ್ಮಿಂದಾಗದು; ಒಂದು ಪ್ರತಿಯನ್ನು ಕೊಳ್ಳುವುದಾದೀತು. ಹೊಸಬರ ಕವಿತೆಯೊಂದು ಹಿಡಿಸಿದರೆ, ಯಾವ ಪದ ಹಿಡಿಸಿತು, ಯಾವ ಪದ ತೊಡರಿತು ಎಂದು ಎರಡು ಸಾಲಿನ ಕಾಗದವನ್ನು ಬರೆಯುವುದಾದೀತು. ಮನೆಯಲ್ಲಿ ನಾಲ್ಕು ಮಂದಿ ಸೇರಿದಾಗ ಅದನ್ನು ಗಟ್ಟಿಯಾಗಿ ಓದಿ ಹೇಳುವುದಾದೀತು. ನಮ್ಮ ಊರಿನ ಯಾವುದೋ ಪಾಠಶಾಲೆಯಲ್ಲಿ, ಯಾವುದೋ ಅಂಗಡಿಯ ಲೆಕ್ಕದ ಪುಸ್ತಕದ ಹಿಂದೆ, ಹೆಸರನ್ನು ಹೇಳಲು ಅಂಜುವ ಲೇಖಕರು ಇಂದೂ ಇರಬಹುದು. ಅವರು ಯಾರೆಂಬುದು ಅವರು ಹೋದ ಮೇಲೆ ತಿಳಿಯುವುದಕ್ಕಿಂತ, ಅವರು ನಮ್ಮ ಕಾಗದವನ್ನು ಒಡೆದು ಓದುವಂತಿರುವಾಗಲೇ ತಿಳಿಯಲಿ.